ಬೇವಿನ ಮರ ಯಾರ ಪಾಲಿಗೆ

ಮೈಲಾರಿ ಮೂರನೆಯ ಗುದ್ದಲಿಯನ್ನೂ ಕಲ್ಲಿನ ನೆಲಕ್ಕೆ ಬಡಿದು ಕಿವಿಗೊಟ್ಟ. ಮೊದಲನೆಯದು ಬೊದ್ದೆಂದಿತ್ತು. ಎರಡನೆಯದರ ಕಾವು ತುಸು ಅಲುಗುತ್ತಿತ್ತು. ಇದೊಂದು ಮಾತ್ರ ಠಣ್ಣೆಂದಿತು. ಅಂಗಡಿಯ ಹೊರಗೆ, ಬೇವಿನ ಮರದ ಬುಡದಲ್ಲಿ, ಸುನೀಲ್ ಬರಿಗಾಲಲ್ಲಿ ನಿಂತು ಕಾಯುತ್ತಿದ್ದ. ಆ ದಿನ ಬೆಳಿಗ್ಗೆ ಅವನ ಅಪ್ಪ ಮರೆಪ್ಪ ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ತೀರಿಹೋಗಿದ್ದ.

"ಯಾವದಾರ ಕೊಡ್ರಿ ಕಾಕಾ, ನಡೀತದ," ಅಂದ ಸುನೀಲ್.

"ಯಾವದಾರ ಹೆಂಗ ನಡೀತದ? ನಿಮ್ಮ ಹೊಲ ಕಲ್ಲ ನೆಲ ಅದ. ತಡಿ ಜರಾ."

ಮೈಲಾರಿಯ ಅಂಗಡಿಗೂ ಮರೆಪ್ಪನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆದರೆ ಗೋಡೆಯ ಆಚೆಗಿನದನ್ನು ಅಂಗಡಿ ಅನ್ನುವುದಕ್ಕೆ ಮೈಲಾರಿಗೇ ನಾಲಿಗೆ ಬಾರದು. ಮೂರು ಅಂತಸ್ತು, ಮುಂದೆಲ್ಲ ಗಾಜು, ಒಳಗೆ ತಣ್ಣನೆ ಗಾಳಿ. ಟೈಲ್ಸು, ನಲ್ಲಿ, ಬಾಗಿಲು, ಬಣ್ಣ ಕಲಸುವ ಯಂತ್ರ, ಮನೆಗೆ ಬೇಕಾದ್ದೆಲ್ಲ ಒಂದೇ ಸೂರಿನಡಿ. ಜಹೀರಾಬಾದಿನಲ್ಲಿ ಮನೆ ಕಟ್ಟುವವರು ಮೊದಲು ಅಲ್ಲಿಗೆ ಹೋಗಿ, ಆಮೇಲೆ ದೇವರಿಗೆ ಕಾಯಿ ಒಡೆಯುತ್ತಾರೆ. ಗುದ್ದಲಿಗಳೇ ಐವತ್ತು ಇದ್ದಾವು ಅಲ್ಲಿ. ಆದರೇನು, ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಹಾಗೇ ಸಾವಾದ ಮನೆಯ ಅಂಗಡಿಯ ಶಟರ್ ಎತ್ತುವುದಿಲ್ಲ. ಕುಣಿ ತೋಡುವ ಗುದ್ದಲಿ, ಸಲಿಕೆ, ಹಗ್ಗ ಇನ್ನೊಬ್ಬರ ಅಂಗಡಿಯಿಂದಲೇ ಬರಬೇಕು. ತರಲು ಬಂದವರು ಒಳಗೆ ಕಾಲಿಡಬಾರದು, ಕೈಯಲ್ಲಿ ಮುಟ್ಟಿ ನೋಡಬಾರದು, ಬೆಲೆ ಕೇಳಬಾರದು. ಆರಿಸುವುದು ಅಂಗಡಿಯವನ ಕೆಲಸ.

ಆರಿಸುವ ಸರದಿ ಮತ್ತೆ ತನ್ನ ಪಾಲಿಗೇ ಬಂತಲ್ಲ ಅಂದುಕೊಂಡ ಮೈಲಾರಿ. ಅಲುಗುವ ಕಾವಿನದನ್ನೇ ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಮನಸ್ಸು ಹೊಯ್ದಾಡಿದ್ದೂ ಉಂಟು. ಸುಳ್ಳೇಕೆ ಹೇಳಬೇಕು? ಕೊನೆಗೆ ಒಳ್ಳೆಯದನ್ನೇ ತೆಗೆದ. ಪ್ರೀತಿಯಿಂದಲ್ಲ. ಕುಣಿ ತೋಡುವವರು ನಾಲ್ಕು ಮಂದಿಯ ಮುಂದೆ, 'ಮಾಲು ಅಂದ್ರ ಮೈಲಾರಿದು' ಅನ್ನಲಿ ಎಂದು.

ಸುನೀಲ್ ಎಲ್ಲವನ್ನೂ ಹೆಗಲಿಗೇರಿಸಿಕೊಂಡು, ಬರ್ತೀನಿ ಅನ್ನದೆ ಹೋದ. ಅಂಥ ದಿನ ಹಾಗೆ ಅನ್ನಬಾರದು.

ರಸ್ತೆಯ ಆ ಬದಿಗೆ ಆಗಲೇ ಏಳು ಕಾರು ನಿಂತಿದ್ದವು. ಬಣ್ಣದ ಕಂಪನಿಯವರು ಒಂದು ಹಾರ, ತಾಂಡೂರಿನ ಕಲ್ಲಿನ ವ್ಯಾಪಾರಿಗಳು ಒಂದು ಹಾರ ತಂದಿದ್ದರು. ಕಲ್ಹೇರ್ ಕಡೆಯ ಗೋಡೆ ಕಟ್ಟುವ ಗೌಂಡಿಗಳು ಒಂದು ಜೀಪು ತುಂಬ ಬಂದಿಳಿದರು. ಮೈಲಾರಿ ಎಣಿಸುತ್ತಲೇ ಇದ್ದ. ತಾನು ಸತ್ತ ದಿನ ಎಷ್ಟು ಕಾರು ಬಂದಾವು?

ಹಿಂದಿನಿಂದ ಹೆಂಡತಿ ಸಾಯಮ್ಮ ಬಂದು ಅವನ ಕಣ್ಣು ಹೋದ ಕಡೆಗೇ ನೋಡಿದಳು. "ಸತ್ತವರ ಮ್ಯಾಲೂ ಹೊಟ್ಟಿಕಿಚ್ಚೇನ್ರಿ ನಿಮಗ?"

"ಹೊಟ್ಟಿಕಿಚ್ಚು ಎಲ್ಲಿಂದು? ಮಂದಿ ಎಷ್ಟು ಬಂದಾರ ನೋಡ್ಲಿಕತ್ತೀನಿ."

"ಅದಕ್ಕೇ ಅಂತಾರ ಹೊಟ್ಟಿಕಿಚ್ಚು ಅಂತ," ಅಂದು ಅವಳು ಸೆರಗು ಹೊದ್ದು ಆ ಮನೆಯ ಕಡೆ ನಡೆದಳು.

*

ಇಬ್ಬರೂ ನ್ಯಾಲ್ಕಲ್ ಕಡೆಯ ಒಂದೇ ಊರಿನವರು. ಇಬ್ಬರ ಮನೆಯಲ್ಲೂ ಕುರಿ. ಕುಲದ ಬೆಡಗು ಬೇರೆಯಾದರೂ ಹುಟ್ಟಿದಾಗಿನಿಂದ ಅಣ್ಣ ತಮ್ಮ ಎಂದೇ ಕರೆದುಕೊಂಡವರು. ಮರೆಪ್ಪ ಎರಡು ವರ್ಷಕ್ಕೆ ದೊಡ್ಡವನು. ಕುರಿ ಮಾರಿ ಬಂದದ್ದನ್ನು ಕೂಡಿಸಿ ಜಹೀರಾಬಾದಿನ ಈ ತಿರುವಿನಲ್ಲಿ ತಗಡಿನ ಅಂಗಡಿ ಹಾಕಿದಾಗ ಇಬ್ಬರಿಗೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಮೊಳೆ, ತಿರುಪು, ಕದದ ಚಿಲಕ, ಗುದ್ದಲಿ, ಸುಣ್ಣದ ಹರಳು. ಮೊಳೆಯನ್ನು ತಕ್ಕಡಿಯಲ್ಲಿ ತೂಗಿ ಹಾಳೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ದೀಪಾವಳಿ ಬಂತೆಂದರೆ ಸುಣ್ಣಕ್ಕೆ ನೀಲಿ ಬೆರೆಸುವುದು ಹೇಗೆಂದು ಹೆಂಗಸರಿಗೆ ಹೇಳಿಕೊಡುವುದೇ ಒಂದು ಕೆಲಸ. ಮನೆ ಚಂದ ಮಾಡುವುದೆಂದರೆ ಆಗ ಅಷ್ಟೇ.

ಆರು ವರ್ಷಕ್ಕೆ ಬೇರೆಯಾದರು. ಜಗಳವೇನಿಲ್ಲ, ಮದುವೆಗಳಾದವು, ಎರಡು ಒಲೆ ಆದವು. ಪಾಲು ಹೇಗೆ? ಅವರಿಗೆ ಗೊತ್ತಿದ್ದುದು ಹಿಂಡು ಒಡೆಯುವ ರೀತಿಯೊಂದೇ: ಹಿರಿಯ ಎರಡು ಪಾಲು ಮಾಡಬೇಕು, ಕಿರಿಯ ತನಗೆ ಬೇಕಾದ್ದನ್ನು ಆರಿಸಬೇಕು. ಆಗ ಹಿರಿಯ ಮೋಸ ಮಾಡಲಾರ, ಕಿರಿಯ ದೂರಲಾರ.

ಮರೆಪ್ಪ ಬಾಗಿಲು ಹಾಕಿಕೊಂಡು ಒಂದು ದಿನವೆಲ್ಲ ಪಾಲು ಮಾಡಿದ. ಅಂಗಡಿಯ ನಡುವೆ ಸುಣ್ಣದಿಂದ ಗೆರೆ ಎಳೆದ. ಈಚೆ ಕಬ್ಬಿಣದ ಮಾಲೆಲ್ಲ: ಸಲಾಕೆ, ಮೊಳೆ, ಗುದ್ದಲಿ, ಚಿಲಕ. ಆಚೆ ತಿರುವಿನ ಮೂಲೆ. ಅಲ್ಲಿ ಸುಣ್ಣ, ಬಣ್ಣದ ಪುಡಿ, ನಾಲ್ಕು ಡಬ್ಬಿ, ಮಿಕ್ಕಿದ್ದೆಲ್ಲ ಬರಿಯ ಜಾಗ. "ಆರಿಸೋ ತಮ್ಮಾ," ಅಂದ.

ಮೈಲಾರಿ ಕುರುಬರ ಮಗ. ಹಿಂಡು ಆರಿಸುವಾಗ ತಲೆ ಎಣಿಸುತ್ತಾರೆ, ಮೈ ಹಿಸುಕಿ ನೋಡುತ್ತಾರೆ, ನಿಂತ ನೆಲವನ್ನು ಯಾರೂ ನೋಡುವುದಿಲ್ಲ. ತಲೆ ಹೆಚ್ಚಿದ್ದದ್ದು, ತೂಕ ಹೆಚ್ಚಿದ್ದದ್ದು ಕಬ್ಬಿಣ. ಅದಕ್ಕೇ ಕೈ ಇಟ್ಟ.

ಎರಡೇ ವರ್ಷದಲ್ಲಿ ರಸ್ತೆ ಅಗಲವಾಯಿತು. ಹೈದರಾಬಾದಿನ ಲಾರಿಗಳು ಆ ಮೂಲೆಯಲ್ಲೇ ತಿರುಗತೊಡಗಿದವು. ತಿರುಗುವ ಪ್ರತಿ ಲಾರಿಯ ಕಣ್ಣಿಗೂ ಮೊದಲು ಬೀಳುವುದು ಮರೆಪ್ಪನ ಹೆಸರಿನ ಹಲಗೆ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡೆ ಎಂದು ಯಾವ ಗಂಡಸು ಹೇಳಿಕೊಂಡಾನು? ಒಬ್ಬ ಗೌಂಡಿ, "ಮೂಲಿ ಯಾಕ ಬಿಟ್ಟಿ ಮಾರಾಯಾ?" ಎಂದು ನಕ್ಕಾಗ ಮೈಲಾರಿಯ ಬಾಯಿಂದ ಹೊರಟೇಬಿಟ್ಟಿತು: "ನಾ ಎಲ್ಲಿ ಬಿಟ್ಟೆ? ಅವನೇ ಆರಿಸಿ ಹೊಡಕೊಂಡ."

ಅದು ಊರೆಲ್ಲ ತಿರುಗಿತು. ಮೂವತ್ತು ವರ್ಷ ತಿರುಗುತ್ತಲೇ ಇದೆ. ಮರೆಪ್ಪ ಒಮ್ಮೆಯೂ ಅಲ್ಲವೆನ್ನಲಿಲ್ಲ. ಅದು ಮೈಲಾರಿಗೆ ಇನ್ನಷ್ಟು ಉರಿ. ಹೌದೆಂದಾದರೂ ಅನ್ನಬಾರದೇ, ಅಲ್ಲವೆಂದಾದರೂ ಜಗಳಕ್ಕೆ ಬರಬಾರದೇ?

*

ಹೆಣವನ್ನು ಅಂಗಡಿಯ ಮೇಲಿನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ಭಂಡಾರದ ಅರಿಸಿನ. ಮೈಲಾರಿ ಹಾರ ಹಾಕಿ ಹಿಂದೆ ಸರಿದ. ಅಲ್ಲೂ ಅವನ ಕಣ್ಣು ನೆಲದ ಟೈಲ್ಸಿನ ಮೇಲೇ ಹೋಯಿತು; ಹೊಸ ನಮೂನೆ, ಕನ್ನಡಿಯಂತೆ ಹೊಳೆಯುತ್ತಿತ್ತು.

"ಮೈಲಾರಿ, ಇಲ್ಲಿ ಬಾ," ಎಂದು ಕರೆದವಳು ಸುಭದ್ರಮ್ಮ, ಮರೆಪ್ಪನ ಹೆಂಡತಿ. ಅತ್ತು ಅತ್ತು ದನಿ ಒಡೆದಿತ್ತು. ಕಿಟಕಿಯ ಪಕ್ಕ ಒಂದು ಕುರ್ಚಿ ಇತ್ತು. ಅದರ ಕಾಲ ಬಳಿ ಚಹಾದ ಲೋಟ ಇನ್ನೂ ಹಾಗೇ ಉರುಳಿ ಬಿದ್ದಿತ್ತು.

ಮೈಲಾರಿ ಕಾಲೆಳೆಯುತ್ತ ಹೋದ. ಪಾಲಿನ ದಿನ ಗೆರೆಯ ಪಕ್ಕ ನಿಂತಿದ್ದ ಮೂರನೆಯ ಜೀವ ಅವಳೊಬ್ಬಳೇ. ಇಷ್ಟು ಮಂದಿ ಸೇರಿದ ದಿನ ಆ ಮಾತು ಎತ್ತಿದರೆ ತನ್ನ ಮುಖ ಎಲ್ಲಿಡಬೇಕು?

"ವೈನಿ, ಏನ್ ಹೇಳ್ಲಿ ನಾ..."

"ಏನೂ ಹೇಳಬ್ಯಾಡ. ಈ ಕುರ್ಚಿಮ್ಯಾಲ ಕೂಡು. ಹೊರಗ ನೋಡು. ಏನ್ ಕಾಣ್ತದ?"

ಅವನು ಕೂತು ನೋಡಿದ. ಕಿಟಕಿಯಿಂದ ರಸ್ತೆ ಕಾಣುತ್ತಿರಲಿಲ್ಲ, ಮರೆಪ್ಪನ ಅಂಗಡಿಯ ಬಾಗಿಲೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೇವಿನ ಮರ, ಅದರ ಕೆಳಗೆ ಮೈಲಾರಿ ತಾನೇ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಬೆಂಚು, ಬೆಂಚಿನ ಮೇಲೆ ಬೀಡಿ ಸೇದುತ್ತ ಕೂತ ಮುದಿ ಗೌಂಡಿ ಪೋಚಪ್ಪ.

"ನನ್ನ ಮರ ಕಾಣ್ತದ," ಅಂದ ಮೈಲಾರಿ.

"ನಿನ್ನ ಮರ! ಅದೇ ಮಾತು ನೋಡು. ಮೂವತ್ತು ವರ್ಷ ಈ ಮನಿಷ್ಯಾ ನನ್ನ ತಲಿ ತಿಂದಾರ ಆ ಮರದ ಸಲುವಾಗಿ. 'ಸುಭದ್ರಾ, ಪಾಲು ಮಾಡಾಗ ಒಳಗಿಂದ ಎಲ್ಲಾ ಲೆಕ್ಕ ಹಿಡದೆ, ಹೊರಗಿನ ಮರ ಮರತೆ. ತಮ್ಮ ಕಬ್ಬಿಣನೂ ಒಯ್ದ, ಮರನೂ ಒಯ್ದ' ಅಂತ. ಎರಡು ಸರ್ತಿ ಈ ಕಡಿ ಸಸಿ ಹಚ್ಚಿದ್ರು. ಒಂದು ಮೋರಿ ಕಟ್ಟಾಗ ಹೋತು. ಇನ್ನೊಂದು ದುಕಾನದ ಹೆಸರು ಮುಚ್ಚತದ ಅಂತ ಸುನೀಲನೇ ಕಡಿಸಿದ."

ಮೈಲಾರಿಗೆ ಅರ್ಥವಾಗಲಿಲ್ಲ. "ಮರ ತೊಗೊಂಡು ಏನ್ ಮಾಡ್ತಿದ್ದ ಅಣ್ಣ? ಗೌಂಡಿಗಳೆಲ್ಲ ನನ್ನ ಬೆಂಚಿನ ಮ್ಯಾಲ ಕುಂತು ಚಹಾ ಕುಡೀತಾರ, ಮಾಲ್ ನಿಮ್ಮಲ್ಲಿ ಒಯ್ತಾರ. ಗಿರಾಕಿ ಎಲ್ಲ ನಿಮ್ಮವ್ರೇ."

"ಗಿರಾಕಿ ನಮ್ಮವ್ರೇ. ಮಂದಿ ನಿಮ್ಮವ್ರು." ಸುಭದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮಲ್ಲಿ ಬರ್ತಾರ, ಬೇಕಾದ್ದು ಗಾಡಿಗಿ ಹಾಕ್ಕೋತಾರ, ಹೋಗ್ತಾರ. ಗಾದಿ ಕುರ್ಚಿ ಹಾಕಿದ್ರೂ ಒಬ್ಬರೂ ಕೂಡಂಗಿಲ್ಲ. ಇವರು ಗಾಜಿನ ಹಿಂದ ಒಬ್ಬರೇ. ಸಂಜಿಗಿ ಮ್ಯಾಲ ಬಂದು ಈ ಕುರ್ಚಿಮ್ಯಾಲ ಕುಂತು, 'ಇವತ್ತ ಏನಂತ ಅಷ್ಟು ನಕ್ಕರು ಅವರು?' ಅಂತ ನನ್ನ ಕೇಳವರು. ನನಗೇನ್ ಗೊತ್ತು!"

ಮೈಲಾರಿ ದನಿ ತಗ್ಗಿಸಿ, "ನಾ ಆರಿಸಿದ್ದು ಅಂತ ಮಂದಿ ಮುಂದ ಯಾಕ ಹೇಳಲಿಲ್ಲ ಅಣ್ಣ?" ಎಂದು ಕೇಳಿಯೇಬಿಟ್ಟ.

"ನಾನೂ ಕೇಳಿದ್ದೆ. 'ಹೊಡಕೊಂಡ ಅಂತ ಅಳಲಿ ಬಿಡು. ತನ್ನ ಪಾಲೇ ಚಲೋ ಅದ ಅಂತ ಅವಗ ತಿಳಿದ್ರ ಇನ್ನೂ ಮೆರೀತಾನ' ಅಂದ್ರು." ಅಳುವಿನ ನಡುವೆಯೇ ಅವಳಿಗೆ ಸಣ್ಣ ನಗು ಬಂತು. "ನೀವಿಬ್ರೂ ಒಂದೇ ಮಣ್ಣಿನ ಗಡಗಿ."

*

ಮರೆಪ್ಪ ಮಾಡಿದ್ದನ್ನು ಒಂದು ವರ್ಷ ತಡವಾಗಿ ಮಾಡುವುದೇ ಮೈಲಾರಿಯ ವ್ಯಾಪಾರವಾಗಿತ್ತು. ಮರೆಪ್ಪ ಡಿಸ್ಟೆಂಪರ್ ಡಬ್ಬಿ ತರಿಸಿದ, ಮೈಲಾರಿಯೂ ತರಿಸಿದ. ಅಷ್ಟರಲ್ಲಿ ಗೋಡೆಗಳಿಗೆ ಬೇರೆ ಬಣ್ಣ ಬಂದಿತ್ತು. ಮರೆಪ್ಪ ತಾಂಡೂರಿನ ಕಲ್ಲು ಬಿಟ್ಟು ಟೈಲ್ಸು ಹಿಡಿದ, ಮೈಲಾರಿ ಆ ವರ್ಷವೇ ಎರಡು ಲಾರಿ ತಾಂಡೂರಿನ ಕಲ್ಲು ಇಳಿಸಿದ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತಂತೆ. ಈ ನರಿಯ ಮೈಯಲ್ಲಿ ಬರೆ ಹಾಕಲು ಜಾಗ ಉಳಿದಿರಲಿಲ್ಲ. ಮಾರಾಟವಾಗದ ಕಲ್ಲನ್ನು ಕೊನೆಗೆ ತನ್ನ ಅಂಗಡಿಯ ಮುಂದೆಯೇ ಹಾಸಿಕೊಂಡ.

ಬಣ್ಣ ಕಲಸುವ ಯಂತ್ರ ಬಂದ ದಿನ ಜಾತ್ರೆಯಷ್ಟು ಮಂದಿ. ಸಾವಿರ ಬಣ್ಣದ ಪುಸ್ತಕದಲ್ಲಿ ಬೆರಳಿಟ್ಟರೆ ಸಾಕು, ಆ ಬಣ್ಣ ಡಬ್ಬಿಗೆ ಇಳಿಯುತ್ತದೆ. ಯಾಲಾಲ್‌ನಿಂದಲೂ ಹೆಂಗಸರು ಬಸ್ಸು ಹಿಡಿದು ಬಂದರು. ಸುಣ್ಣಕ್ಕೆ ನೀಲಿ ಎಷ್ಟು ಚಮಚ ಎಂದು ಕೇಳಲು ಮೈಲಾರಿಯ ಬಳಿ ಒಬ್ಬರೂ ಬರಲಿಲ್ಲ. ಅವನು ಬೆಂಚಿನ ಮೇಲೆ ಕೂತು, "ಮಷೀನಿನ ಬಣ್ಣ ಒಂದು ಮಳಿಗಾಲಕ್ಕ ಇಳದು ಹೋಗ್ತದ ನೋಡ್ರಿ," ಎಂದು ನಾಲ್ಕು ಕಿವಿಗೆ ಹಾಕಿದ. ಬಣ್ಣ ಇಳಿಯಲಿಲ್ಲ. ಆದರೆ ಆ ಸಂಜೆ ಅವನ ಮಾತಿಗೆ ಬೆಂಚಿನ ತುಂಬ ನಗು ಎದ್ದಿತ್ತು. ಗಾಜಿನ ಆಚೆ, ಹೊಸ ಯಂತ್ರದ ಪಕ್ಕ, ಮರೆಪ್ಪ ಇತ್ತಲೇ ನೋಡುತ್ತ ನಿಂತಿದ್ದ. ಗರ್ವದಿಂದ ನೋಡುತ್ತಾನೆ ಎಂದುಕೊಂಡಿದ್ದ ಮೈಲಾರಿ.

*

ಹೆಣ ಹೊತ್ತ ಟ್ರಾಕ್ಟರು ಹೊಲ ಮುಟ್ಟಿದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಡೊಳ್ಳು ನಿಂತಿತು. ಕುಣಿ ಚೊಕ್ಕವಾಗಿತ್ತು. ತೋಡಿದವರಲ್ಲಿ ಒಬ್ಬ ಗುದ್ದಲಿ ಊರಿಕೊಂಡು, "ಎಂಥಾ ಉಕ್ಕು ರೀ, ಕಲ್ಲಿಗಿ ಬಡದ್ರೂ ಬಾಯಿ ಮಡಚಿಲ್ಲ," ಅಂದ. ಬೆಳಗಿನಿಂದ ಕಾದಿದ್ದ ಮಾತು. ಮೈಲಾರಿಗೆ ಅದು ಕೇಳಿಸಿದರೂ ಎಲ್ಲಿಯೂ ತಾಗಲಿಲ್ಲ.

ಮರೆಪ್ಪನನ್ನು ಇಳಿಸಿ, ಭಂಡಾರ ಎರಚಿದರು. ಹಿಡಿ ಮಣ್ಣು ಹಾಕುವ ಮೊದಲು ಪೋಚಪ್ಪ ಮುಂದೆ ಬಂದ. ಎಂಬತ್ತರ ಮುದುಕ, ಈ ಸೀಮೆಯ ಅರ್ಧ ಗೋಡೆಗಳು ಅವನ ಕೈಯವು. ಇಂಥ ಕಡೆ ಅವನೇ ಹಿರಿಯ.

"ಮಾತು ಬಾಕಿ ಇದ್ದವ್ರು ಈಗ ಹೇಳಿಬಿಡ್ರಪ್ಪ," ಅಂದ. "ಮಾತು ಇಟ್ಕೊಂಡು ಮಣ್ಣ ಹಾಕಿದ್ರ ಆ ಮಣ್ಣು ಹಗುರ ಆಗಂಗಿಲ್ಲ." ಆಮೇಲೆ ಎಲ್ಲರಿಗೂ ಕಾಣುವ ಹಾಗೆ ಮೈಲಾರಿಯ ಕಡೆ ತಿರುಗಿದ. "ಮೈಲಾರಿ, ನಿಂದೇ ದೊಡ್ಡ ಮಾತದ. ಮೂಲಿ ಹೊಡಕೊಂಡ ಅನ್ನೋ ನೋವು ಇವತ್ತ ಬಿಟ್ಟುಬಿಡು. 'ಕ್ಷಮಾ ಮಾಡೀನಿ ಅಣ್ಣಾ' ಅನ್ನು. ಅವ ಹಗುರ ಆಗಿ ಹೋಗ್ಲಿ."

ಇನ್ನೂರು ತಲೆಗಳು ಅವನ ಕಡೆ ತಿರುಗಿದವು. ಬಣ್ಣದ ಕಂಪನಿಯವರು, ತಾಂಡೂರಿನವರು, ಗೌಂಡಿಗಳು, ಕುಣಿಯ ತಲೆಗೆ ನಿಂತ ಸುನೀಲ್. ಮೂವತ್ತು ವರ್ಷ ಮೈಲಾರಿ ಬಯಸಿದ್ದು ಇದನ್ನೇ: ಮಂದಿ ತುಂಬಿದ ಕಡೆ ಮರೆಪ್ಪ ತಪ್ಪಿತಸ್ಥನಾಗಿ ಕೆಳಗಿರಬೇಕು, ತಾನು ದೊಡ್ಡವನಾಗಿ ಮೇಲೆ ನಿಂತಿರಬೇಕು. ಈಗ ನಿಂತಿದ್ದ. ಒಂದು ಮಾತು ಅಂದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಕೆಳಗೆ, ಅರಿಸಿನ ಬಳಿದ ಆ ಮುಖ ಈಗಲೂ ಅಲ್ಲವೆನ್ನುವಂತಿರಲಿಲ್ಲ. ಸಂಜೆಯ ಹೊತ್ತು ಕಿಟಕಿಯಲ್ಲಿ ಕೂತು, ಏನಂತ ನಕ್ಕರು ಎಂದು ಕೇಳುತ್ತಿದ್ದ ಮುಖ.

"ಕ್ಷಮಾ ಮಾಡಾಕ ಏನೂ ಇಲ್ಲ," ಅಂದ ಮೈಲಾರಿ. ದನಿ ತನ್ನದಲ್ಲವೆನ್ನಿಸಿತು. "ಪಾಲು ಮಾಡಿದಾವ ಅಣ್ಣ. ಆರಿಸಿದಾವ ನಾ. ಕಬ್ಬಿಣ ಕಂಡು ಬಾಯಿ ಬಿಟ್ಟೆ. ಮೂಲಿ ಅವ ಹೊಡಕೊಂಡಿಲ್ಲ, ನಾ ಬಿಟ್ಟದ್ದು. ಇಷ್ಟು ವರ್ಷ ನಾ ಸುಳ್ಳ ಹೇಳ್ಕೊಂಡು ತಿರಗೀನಿ."

ಪೋಚಪ್ಪನ ಕಣ್ಣಲ್ಲಿ ನೀರು ಬಂತು.

"ನೋಡ್ರಪ್ಪ, ನೋಡ್ರಿ! ಸತ್ತವನ ತಪ್ಪು ತನ್ನ ತಲಿಮ್ಯಾಲ ಹೊತ್ಕೊಂಡ. ಎಂಥಾ ದೊಡ್ಡ ಮನಸ ಇದು!"

"ಅಲ್ಲೋ ಮುದುಕಾ, ಖರೆ ಹೇಳ್ಲಿಕತ್ತೀನಿ..."

"ಆತಪ್ಪ, ಆತು. ತಿಳೀತು." ಪೋಚಪ್ಪ ಅವನ ಭುಜ ತಟ್ಟಿ ಕೈಗೆ ಹಿಡಿ ಮಣ್ಣು ಕೊಟ್ಟ. ಹಿಂದೆ ಯಾರೋ, "ಅಣ್ಣ ತಮ್ಮ ಅಂದ್ರ ಹಿಂಗಿರಬೇಕು," ಅಂದರು. ಬಣ್ಣದ ಕಂಪನಿಯವನು ಮೊಬೈಲು ಎತ್ತಿ ಫೋಟೋ ಹೊಡೆದ.

ಮೈಲಾರಿ ಮಣ್ಣು ಹಾಕಿದ. ಹೊಗಳಿಕೆ ಬೇಕೆಂದು ಜನ್ಮವೆಲ್ಲ ಬಾಯಿ ತೆರೆದಿದ್ದವನಿಗೆ ಇಷ್ಟು ಹೊಗಳಿಕೆ ಎಂದೂ ಬಂದಿರಲಿಲ್ಲ. ಬಂದದ್ದೆಲ್ಲ ಮರೆಪ್ಪನ ಗಂಟಿನಿಂದ ತೆಗೆದದ್ದು. ಆದರೂ ಮನಸ್ಸಿನ ಯಾವುದೋ ಮೂಲೆಗೆ ಅದು ಸಿಹಿಯಾಗಿಯೇ ತಾಗಿತು. ಅವನಿಗೆ ನಾಚಿಕೆಯಾದದ್ದು ಅದಕ್ಕೆ.

*

ಮಣ್ಣು ಕೊಟ್ಟು ಬಂದವರು ಕಾಲು ತೊಳೆದು, ಬೇವಿನ ಎಲೆ ಕಚ್ಚಿ, ಉಗುಳಿ, ಆಮೇಲೆ ಮನೆಗೆ ಹೋಗಬೇಕು. ಮರೆಪ್ಪನ ಮನೆಯ ಮುಂದೆ ಎಲೆಯೆಲ್ಲಿ? ಎಲ್ಲರೂ ಮೈಲಾರಿಯ ಮರದ ಕೆಳಗೇ ಬಂದರು. ಅವನು ಟೊಂಗೆ ಬಗ್ಗಿಸಿ ಹಿಡಿದ, ಅವರು ಕಿತ್ತುಕೊಂಡರು. ಕಹಿಗೆ ಮುಖ ಹಿಂಡುತ್ತಲೇ ಒಬ್ಬೊಬ್ಬರೂ ಅವನ ಕೈ ಮುಟ್ಟಿ ಹೋದರು. ಕಾರುಗಳು ಹೊರಟವು, ಜೀಪು ಹೊರಟಿತು. ಪೋಚಪ್ಪ ಮಾತ್ರ ಎಂದಿನಂತೆ ಬೆಂಚಿನ ಮೇಲೆ ಕೂತ. ಸುನೀಲ್ ತಮ್ಮ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದ.

ಮೈಲಾರಿ ಕೊನೆಗೆ ತಾನೂ ಒಂದು ಎಲೆ ಕಚ್ಚಿದ. ಸಂಜೆಯ ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಕಣ್ಣೆತ್ತಿದರೆ ಬೆಂಚಿನ ಮೇಲೆ ನೆರಳಿಲ್ಲ. ಮರದ ನೆರಳೆಲ್ಲ ಗೋಡೆ ದಾಟಿ ಹೋಗಿ, ಮರೆಪ್ಪನ ಅಂಗಡಿಯ ಮುಂದೆ ಹಾಸಿದ ಹೊಳೆಯುವ ಟೈಲ್ಸಿನ ಮೇಲೆ, ಮುಚ್ಚಿದ ಶಟರಿನ ಮೇಲೆ ಬಿದ್ದಿತ್ತು. ದಿನಾ ಸಂಜೆ ಹೀಗೇ ಬೀಳುತ್ತಿದ್ದಿರಬೇಕು. ಇಬ್ಬರಲ್ಲಿ ಒಬ್ಬನೂ ನೋಡಿರಲಿಲ್ಲ.

ಮೊದಲು ಎದ್ದದ್ದು ಆ ಹಳೆಯ ಉರಿಯೇ. ನೆರಳೂ ಅವನಿಗೇ! ಇನ್ನು ಯಾರ ಮೇಲೆ ಈ ಉರಿ? ಅಂದು ಮೊದಲ ಬಾರಿಗೆ ಮೈಲಾರಿಗೆ ಅಳು ಬಂತು. ಮುಖ ಮುಚ್ಚಿಕೊಳ್ಳದೆ ಅತ್ತ.

"ಅಳಬ್ಯಾಡಪ್ಪ," ಅಂದ ಪೋಚಪ್ಪ. "ನಿಂದು ದೊಡ್ಡ ಮನಸ..."

"ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಏಳು ಮುದುಕಾ. ಏಳು ಅಂದೆ."

ಮುದುಕ ಗಾಬರಿಯಾಗಿ ಎದ್ದ. ಮೈಲಾರಿ ಬೆಂಚಿನ ಒಂದು ತುದಿ ಹಿಡಿದು ಎಳೆದ. ನಾಲ್ಕು ಆಳಿನ ಭಾರ. ತಾಂಡೂರಿನ ಕಲ್ಲಿನ ಮೇಲೆ ಅದು ಗರಗರ ಎನ್ನುತ್ತ ಸರಿಯಿತು, ಗೋಡೆಯ ಗೆರೆ ದಾಟಿತು. ಟೈಲ್ಸಿನ ಮೇಲೆ ಕಬ್ಬಿಣದ ಕಾಲು ಕಿರ್ರೆಂದು ಕೂಗಿತು.

"ಕಾಕಾ!" ಸುನೀಲ್ ಓಡಿಬಂದ. "ಟೈಲ್ಸ್ ಗೀರ್ತದ ರೀ, ಹೊಸಾದು!"

ಮೇಲಿನ ಕಿಟಕಿಯಲ್ಲಿ ಸುಭದ್ರಮ್ಮ ನಿಂತಿದ್ದಳು. "ಎಳೀಲಿ ಬಿಡು," ಅಂದಳು. "ನೀನೂ ಕೈ ಹಚ್ಚು."

ಸುನೀಲ್ ಬಗ್ಗಿ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಬೆಂಚನ್ನು ಶಟರಿನ ತನಕ ಒಯ್ದರು. ಹಿಂದೆ, ಮೈಲಾರಿಯ ಹಾಸುಗಲ್ಲಿನ ಅಂಚಿನಿಂದ ಮರೆಪ್ಪನ ಬಾಗಿಲ ತನಕ, ಕನ್ನಡಿಯಂಥ ಟೈಲ್ಸಿನ ಮೇಲೆ ಕಪ್ಪಗೆ ಒಂದು ಗೀರು ಉಳಿಯಿತು.